ಹೆಬ್ಬಾತಿನಜ್ಜಿಯ ಪಾದಕ್ಕೆ ಅರಿಶಿನ

ನಮ್ಮ ಮನೆಯಲ್ಲಿ ಅರಿಶಿನ ಕುಂಕುಮ ಕಾಣದ ಯಂತ್ರವಿಲ್ಲ. ಮಿಶಿಗನ್ನಿನ ರಾಚೆಸ್ಟರ್ ಹಿಲ್ಸ್‌ನಲ್ಲಿರುವ ನಮ್ಮ ಗರಾಜಿನ ಬಾಗಿಲು ತೆಗೆದರೆ ಹಿಮ ತಳ್ಳುವ ಯಂತ್ರದ ಮೂತಿಗೆ ಮೂರು ಬೊಟ್ಟು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಎರಡು, ಬಾಯ್ಲರಿಗೆ ಒಂದು ಕಾಣುತ್ತವೆ. ಬಾಯ್ಲರ್ ರಿಪೇರಿಗೆ ಬಂದವನೊಬ್ಬ ಅದನ್ನು ಯಾವುದೋ ಇನ್‌ಸ್ಪೆಕ್ಟರ್ ಹಾಕಿದ ಗುರುತು ಎಂದುಕೊಂಡು, ಈ ಕೆಂಪಿಗೆ ಅರ್ಥವೇನು ಎಂದು ಗಂಭೀರವಾಗಿ ಕೇಳಿದ್ದ. ಎಲ್ಲ ಸರಿಯಾಗಿದೆ ಅಂತ ಅರ್ಥ ಎಂದೆ. ಆತ ಅದನ್ನು ತನ್ನ ಫಾರ್ಮಿನಲ್ಲಿ ಬರೆದುಕೊಂಡ.

ಈ ಚಟ ಹುಟ್ಟಿನಿಂದ ಬಂದದ್ದು. ಮೈಸೂರಿನ ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಅಪ್ಪನ ಸೈಕಲ್ಲು, ಅಮ್ಮನ ಈಳಿಗೆಮಣೆ, ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರ ಎಲ್ಲ ಮದುಮಕ್ಕಳ ಹಾಗೆ ಸಾಲಾಗಿ ಕೂರುತ್ತಿದ್ದವು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ನಾನು ಹಾಲ್ ಟಿಕೆಟ್ಟಿಗೂ ದಪ್ಪನೆಯ ಕುಂಕುಮ ಹಚ್ಚಿಬಿಟ್ಟಿದ್ದೆ, ಸರಿಯಾಗಿ ನಂಬರಿನ ಮೇಲೆ. ಮೇಲ್ವಿಚಾರಣೆಗೆ ಬಂದ ಮೇಷ್ಟರು ಅದನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಕೊನೆಗೆ, "ನಿನ್ನ ನಂಬರು ದೇವರಿಗೆ ಗೊತ್ತಾದ್ರೆ ಸಾಲದು ಕಣಯ್ಯ, ಬೋರ್ಡಿಗೂ ಗೊತ್ತಾಗಬೇಕು" ಎಂದಿದ್ದರು. ಇಡೀ ಕೋಣೆ ನಕ್ಕಿತು. ನನಗೆ ಗಣಿತದ ಮೊದಲ ಮೂರು ಲೆಕ್ಕ ಆ ನಗುವಿನಲ್ಲೇ ತಪ್ಪಿಹೋದವು.

ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಅಮ್ಮ ಬೆಳ್ಳಿತಟ್ಟೆಯಲ್ಲಿ ದುಡ್ಡಿಡುತ್ತಿದ್ದಳು. ತೂತಿನ ಕಾಸಿತ್ತು, ಚಲಾವಣೆ ನಿಂತುಹೋದ ನಾಣ್ಯಗಳಿದ್ದವು, ಯಾರೋ ಮಸ್ಕತ್ತಿನಿಂದ ತಂದುಕೊಟ್ಟ ಒಂದು ನೋಟೂ ಇತ್ತು. ಅದೆಲ್ಲ ನಡೆಯುತ್ತದೇನಮ್ಮ ಎಂದರೆ, "ಯಾವ ದೇಶದ್ದಾದ್ರೇನು, ದುಡ್ಡು ಅಂದ್ರೆ ಲಕ್ಷ್ಮಿ" ಎನ್ನುತ್ತಿದ್ದಳು. ಇಷ್ಟನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದರಲ್ಲಿ ನಮ್ಮ ಅತ್ತೆಯ ತಪ್ಪೆಷ್ಟು, ನನ್ನದೆಷ್ಟು ಎಂದು ನೀವೇ ತೂಗಬೇಕು. ತಕ್ಕಡಿ ನನ್ನ ಕೈಗೆ ಕೊಟ್ಟರೆ ನಾನು ಖಂಡಿತ ಮೋಸ ಮಾಡುತ್ತೇನೆ.

ಅತ್ತೆ ಎಂದರೆ ನನ್ನ ಹೆಂಡತಿ ಶೈಲಾಳ ತಾಯಿ. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದಾರೆ. ಇಂಗ್ಲಿಷ್ ಬರುವುದಿಲ್ಲ, ಬರುವುದಿಲ್ಲವೆಂಬ ಚಿಂತೆಯೂ ಇಲ್ಲ. ಪಕ್ಕದ ಮನೆಯ ಹಿಲ್ಡಾ ಜೊತೆ ಬೇಲಿಯ ಎರಡು ಕಡೆ ನಿಂತು ದಿನಾ ಕಾಲು ಗಂಟೆ ಮಾತಾಡುತ್ತಾರೆ. ಇವರು ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ. ಒಬ್ಬರಿಗೊಬ್ಬರು ಮೊಣಕಾಲು ತೋರಿಸಿಕೊಂಡು ತಲೆಯಾಡಿಸುತ್ತಾರೆ.

ಹಿಲ್ಡಾಗೆ ಎಂಬತ್ತನಾಲ್ಕು ವರ್ಷ. ಅವರಪ್ಪ ಜರ್ಮನಿಯ ಒಂದು ಸಣ್ಣ ಊರಿನವರು. ಆ ಊರಿನ ಹೆಸರು ಅವರು ನೂರು ಸಲ ಹೇಳಿಕೊಟ್ಟರೂ ನನ್ನ ನಾಲಗೆಗೆ ಹೊರಳಿಲ್ಲ. ಹರೆಯದಲ್ಲೇ ಡೆಟ್ರಾಯಿಟಿಗೆ ಬಂದು ಕಾರಿನ ಕಾರ್ಖಾನೆಗಳಿಗೆ ಅಚ್ಚು ಕೊರೆಯುವ ಕೆಲಸ ಮಾಡಿದರಂತೆ. ಅವರು ಬಿಟ್ಟುಹೋದ ಒಂದು ಆಲ್ಬಮ್ ಹಿಲ್ಡಾ ಬಳಿ ಇದೆ. ಅದರ ತುಂಬ ಪುಟ್ಟ ಪುಟ್ಟ ನೋಟುಗಳು. ಮೊದಲ ಮಹಾಯುದ್ಧದಲ್ಲಿ, ಆಮೇಲೂ ಕೆಲವು ವರ್ಷ, ಜರ್ಮನಿಯಲ್ಲಿ ಚಿಲ್ಲರೆಗೆ ಬರ ಬಂತಂತೆ. ಲೋಹವೆಲ್ಲ ಯುದ್ಧಕ್ಕೆ ಹೋಗಿ, ರೊಟ್ಟಿ ಕೊಂಡವನಿಗೆ ಮಿಕ್ಕ ಕಾಸು ವಾಪಸು ಕೊಡಲು ಅಂಗಡಿಯವನ ಹತ್ತಿರ ಏನೂ ಇಲ್ಲ. ಆಗ ಒಂದೊಂದು ಊರೂ ತನ್ನದೇ ಕಾಗದದ ದುಡ್ಡು ಅಚ್ಚು ಹಾಕಿಕೊಂಡಿತು. ಸರಿ, ಅಚ್ಚು ಹಾಕುವುದೇ ಹೌದಾದರೆ ಬರೀ ಅಂಕಿ ಯಾಕೆ ಎಂದು ಊರ ಕತೆಗಳನ್ನೂ ಹಾಕಿದರು. ಒಂದು ನೋಟಿನ ಮೇಲೆ ದೆವ್ವವೊಂದು ಕಲ್ಲು ಹೊತ್ತು ಸೇತುವೆ ಕಟ್ಟುತ್ತಿದೆ. ಇನ್ನೊಂದರಲ್ಲಿ ಪೊರಕೆಯ ಮೇಲೆ ಕುಳಿತ ಮಾಟಗಾತಿಯರು ಬೆಟ್ಟದ ಕಡೆ ಹಾರುತ್ತಿದ್ದಾರೆ. ಮತ್ತೊಂದರಲ್ಲಿ ಕುಡುಕ ಗಿರಣಿಯವನನ್ನು ಅವನ ಕತ್ತೆಯೇ ಮನೆಗೆ ಕರೆದೊಯ್ಯುತ್ತಿದೆ.

ನಮ್ಮಲ್ಲೂ ಹೀಗೆ ಮಾಡಿದ್ದರೆ ಎಂದು ನಾನು ಎಷ್ಟೋ ಸಲ ಕಾರಿನಲ್ಲಿ ಒಬ್ಬನೇ ಕನಸು ಕಂಡಿದ್ದೇನೆ. ನಂಜನಗೂಡಿನ ನೋಟಿನ ಮೇಲೆ ರಸಬಾಳೆಯ ಗೊನೆ, ಚನ್ನಪಟ್ಟಣದ್ದರ ಮೇಲೆ ತಲೆಯಾಡಿಸುವ ಬೊಂಬೆ, ಬ್ಯಾಡಗಿಯದಕ್ಕೆ ಮೆಣಸಿನಕಾಯಿ, ಇಳಕಲ್ಲಿನದಕ್ಕೆ ಸೀರೆಯ ಸೆರಗು. ಮದ್ದೂರಿನವರು ವಡೆ ಹಾಕಿದ್ದರೆ ಆ ನೋಟು ಯಾರ ಜೇಬಿನಲ್ಲೂ ನಿಲ್ಲುತ್ತಿರಲಿಲ್ಲ. ಮೈಸೂರಿನವರು ಮಾತ್ರ ಯಾವ ಚಿತ್ರ ಹಾಕಬೇಕೆಂದು ಇವತ್ತಿಗೂ ಸಭೆ ಸೇರಿ ಕಾಫಿ ಕುಡಿಯುತ್ತಿರುತ್ತಿದ್ದರು.

ಆಲ್ಬಮಿನ ಏಳನೆಯ ಪುಟದಲ್ಲಿ ಹಿಲ್ಡಾರ ಅಪ್ಪನ ಊರಿನ ನೋಟು ಇದೆ. ಹೆಬ್ಬಾತುಗಳ ನಡುವೆ ಕೋಲು ಹಿಡಿದು ನಿಂತ ಒಬ್ಬ ಹೆಂಗಸು. ದರೋಡೆಕೋರರು ಬಂದಾಗ ಅವಳ ಬಾತುಗಳು ಕಿರುಚಿ ಊರನ್ನು ಎಬ್ಬಿಸಿದವಂತೆ. ಚಿತ್ರ ಬರೆದವರು ಆ ಊರಿನ ಶಾಲೆಯ ಮೇಷ್ಟರು, ಅಂದರೆ ಹಿಲ್ಡಾರ ತಾತ. ಬಾತು ಕಾಯುವವಳಿಗೆ ಅವರು ಕೊಟ್ಟದ್ದು ಸ್ವಂತ ಹೆಂಡತಿಯ ಮುಖ. ಎರಡನೆಯ ಯುದ್ಧದಲ್ಲಿ ಆ ಮನೆ ಸುಟ್ಟುಹೋಗಿ ಒಂದು ಫೋಟೋ ಕೂಡ ಉಳಿಯಲಿಲ್ಲ. ಹಿಲ್ಡಾಗೆ ತಮ್ಮ ಅಜ್ಜಿ ಹೇಗಿದ್ದರು ಎಂದು ಗೊತ್ತಿರುವುದು ಅಪ್ಪ ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿ ತಂದ ಈ ಒಂದು ಕಾಗದದಿಂದ.

ಆ ಆಲ್ಬಮನ್ನು ಅವರು ಅದೇ ಊರಿನ ಪುಟ್ಟ ಮ್ಯೂಸಿಯಮ್ಮಿಗೆ ಕೊಡಲು ತೀರ್ಮಾನಿಸಿದ್ದರು. ಭಾನುವಾರ ಮಧ್ಯಾಹ್ನ ಅವರ ಸೋದರಳಿಯ ಬಂದು ಒಯ್ಯುವವನಿದ್ದ. ಅದಕ್ಕೂ ಮುಂಚೆ ಎಲ್ಲದರ ಒಂದೊಂದು ಕಾಪಿ ತಮಗಿರಲಿ ಎಂದರು. ನಾನು ದೊಡ್ಡ ಮನುಷ್ಯನ ಹಾಗೆ, ಕೊಡಿ, ನಮ್ಮ ಮನೆಯಲ್ಲಿ ಒಳ್ಳೆಯ ಸ್ಕ್ಯಾನರ್ ಇದೆ, ಎಂದು ಗುರುವಾರ ತಂದು ಊಟದ ಮೇಜಿನ ಮೇಲಿಟ್ಟೆ. ಶುಕ್ರವಾರ ದೀಪಾವಳಿಯ ಅಮಾವಾಸ್ಯೆ, ಲಕ್ಷ್ಮೀಪೂಜೆ.

ಅವತ್ತು ಸಂಜೆ ಆಫೀಸಿನಿಂದ ಬಂದು ದೇವರ ಮುಂದೆ ಕೈಮುಗಿದೆ. ತಟ್ಟೆಯಲ್ಲಿ ಡಾಲರಿತ್ತು, ರೂಪಾಯಿಯಿತ್ತು. ದೀಪಕ್ಕೆ ಒರಗಿಕೊಂಡು ಹೆಬ್ಬಾತಿನ ಹೆಂಗಸೂ ನಿಂತಿದ್ದಳು. ಅವಳ ಪಾದದ ಮೇಲೆ ಒದ್ದೆ ಅರಿಶಿನದ ಒಂದು ಬೊಟ್ಟು.

"ಅತ್ತೆ, ಇದು ಇಲ್ಲಿಗೆ ಹೇಗೆ ಬಂತು?"

"ಆ ದುಡ್ಡಿನ ಪುಸ್ತಕ ತೆಗೆದು ನೋಡಿದೆ. ಎಲ್ಲಾದ್ರಲ್ಲೂ ದೆವ್ವ, ಕತ್ತೆ, ಕುಡುಕರು. ಇದೊಂದ್ರಲ್ಲಿ ಮಾತ್ರ ತಾಯಿ ಹಂಸ ಇಟ್ಕೊಂಡು ನಿಂತಿದಾಳೆ. ಇವರ ಕಡೆ ಲಕ್ಷ್ಮೀನೋ ಸರಸ್ವತೀನೋ ಇರಬೇಕು ಅಂತ ಕೂರಿಸ್ದೆ."

"ಅತ್ತೆ, ಅದು ಹಂಸ ಅಲ್ಲ, ಬಾತು! ಆಕೆ ಪಕ್ಕದ ಮನೆ ಹಿಲ್ಡಾ ಅವರ ಅಜ್ಜಿ!"

ಅತ್ತೆ ಕುರ್ಚಿ ಹಿಡಿದುಕೊಂಡು ಕುಳಿತರು. "ಅಯ್ಯೋ ಶಿವನೇ, ಒಬ್ಬರ ಮನೆ ಹಿರಿಯರಾ?" ಮೆಲ್ಲಗೆ ಹೇಳಿದರು: "ಪಾದಕ್ಕೆ ಮಾತ್ರ ಹಚ್ಚಿದೀನಿ, ಮುಖ ಮುಟ್ಟಿಲ್ಲ. ಏನೂ ಮಾಡ್ಬೇಡಿ. ಅರಿಶಿನಕ್ಕೆ ಬಿಸಿಲೇ ಮದ್ದು. ನಾಳೆ ಕಿಟಕೀಲಿಡಿ, ತಾನಾಗಿ ಹೋಗತ್ತೆ."

"ಮಿಶಿಗನ್ನಲ್ಲಿ ನವೆಂಬರಿನಲ್ಲಿ ಬಿಸಿಲಾ? ಏಪ್ರಿಲ್‌ವರೆಗೆ ಕಾಯಬೇಕು!"

ಇಲ್ಲಿ ನನ್ನ ಉದ್ಯೋಗವನ್ನು ಹೇಳಲೇಬೇಕು, ನಾಚಿಕೆಯಾದರೂ. ಕಾರಿನ ಸೀಟುಗಳ ಬಟ್ಟೆಗೆ ಕೆಚಪ್ಪು, ಕಾಫಿ, ಲಿಪ್‌ಸ್ಟಿಕ್ಕು ಸುರಿದು, ಅವು ಹೇಗೆ ಹೋಗುತ್ತವೆ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅನ್ನ ಹಾಕಿರುವುದು ಕಲೆಯೇ. ಅಂಥ ನನಗೆ ಬಿಸಿಲಿಗಿಡಿ ಎಂದು ಹೇಳುವವರು ಯಾರು? ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹತ್ತಿ ಅದ್ದಿ ಬೊಟ್ಟನ್ನು ಒತ್ತಿದೆ. ಹಳದಿ ಮಾಯವಾಯಿತು. ಅದರ ಜಾಗದಲ್ಲಿ ರಕ್ತದಂಥ ಕೆಂಪು ಬಂತು.

"ಅಳಿಯಂದ್ರೆ! ಅರಿಶಿನಕ್ಕೆ ಸುಣ್ಣ ಹಾಕಿದ ಹಾಗಾಯ್ತಲ್ರೀ!" ಎಂದು ಅತ್ತೆ ಕೂಗಿದರು. ಹೌದಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪಾರತಿ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನನ್ನ ಮದುವೆಯಲ್ಲಿ ಇದೇ ಅತ್ತೆ ನನಗೇ ಎತ್ತಿದ್ದರು. ಸೋಡಾ ಕೂಡ ಸುಣ್ಣದ ಜಾತಿಯದೇ ಎಂದು ಕೆಮಿಸ್ಟ್ರಿ ಓದುವ ಮೊದಲ ವರ್ಷದ ಹುಡುಗನಿಗೂ ಗೊತ್ತು. ಗಾಬರಿಯಲ್ಲಿ ಒರೆಸಿದೆ. ಕೆಂಪು ಪಾದದಿಂದ ಸೊಂಟಕ್ಕೆ, ಸೊಂಟದಿಂದ ಮುಖಕ್ಕೆ ಏರಿತು. ಇನ್ನೊಂದು ಸಲ ಒರೆಸಿದೆ. ಕೈ ನಿಲ್ಲಿಸುವಷ್ಟರಲ್ಲಿ ನೂರು ವರ್ಷದ ಕಾಗದ ನಾರುನಾರಾಗಿ ಎದ್ದು, ಹೆಬ್ಬಾತಿನ ಹೆಂಗಸಿಗೆ ಮುಖವೇ ಇರಲಿಲ್ಲ.

ನನ್ನ ಮಗಳು ಅನಘಾ, ಹದಿನೈದು ವರ್ಷದವಳು, ಮೆಟ್ಟಿಲ ಮೇಲಿಂದ ಎಲ್ಲ ನೋಡುತ್ತಿದ್ದಳು. "ಅಪ್ಪಾ, ಜಸ್ಟ್ ಟೆಲ್ ಹರ್. ಶಿ ಈಸ್ ಸೋ ನೈಸ್" ಎಂದಳು.

"ನೈಸ್ ಆಗಿರೋದ್ರಿಂದಲೇ ಕಷ್ಟ ಕಣೇ" ಎಂದೆ. ಅದು ನಿಜವೂ ಹೌದು. ಜಗಳಗಂಟಿಯಾಗಿದ್ದರೆ ಆಗಲೇ ಹೋಗಿ ಹೇಳಿ, ಬೈಸಿಕೊಂಡು ಬಂದು ಊಟ ಮಾಡುತ್ತಿದ್ದೆ.

ಹೇಳುವ ಬದಲು ಕಂಪ್ಯೂಟರಿನ ಮುಂದೆ ಕುಳಿತೆ. ಈ ನೋಟುಗಳನ್ನು ಕೂಡಿಡುವವರು ಲೋಕದ ತುಂಬ ಇದ್ದಾರೆ. ಒಂದು ಗಂಟೆಯೊಳಗೆ ಅದೇ ಊರು, ಅದೇ ಬಾತು, ಅದೇ ಮುಖ ಕಣ್ಣಿಗೆ ಬಿತ್ತು. ಇಟ್ಟುಕೊಂಡಿದ್ದವರು ಶಿಕಾಗೋ ಹತ್ತಿರದ ವೆಸ್ಟ್‌ಮಂಟಿನಲ್ಲಿ. ಫೋನ್ ಮಾಡಿದರೆ, ಶನಿವಾರ ಮಧ್ಯಾಹ್ನದೊಳಗೆ ಬನ್ನಿ ಎಂದರು. ಮುನ್ನೂರು ಮೈಲಿ. ಶೈಲಾ ಆಸ್ಪತ್ರೆಯಲ್ಲಿ ಭಾನುವಾರದವರೆಗೆ ಡ್ಯೂಟಿಯಲ್ಲಿದ್ದಳು. ಮರುದಿನ ಬೆಳಿಗ್ಗೆ ಆರು ಗಂಟೆಗೆ ನಾನು ಕಾರು ತೆಗೆಯುವಾಗ ಅತ್ತೆ ಚಿತ್ರಾನ್ನದ ಡಬ್ಬಿ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು.

"ಹಚ್ಚಿದೋಳು ನಾನು. ನಾನೂ ಬರ್ತೀನಿ" ಎಂದರು. ಹೈವೇಯ ಐದಾರು ಎಕ್ಸಿಟ್ ಕಳೆದ ಮೇಲೆ ಕೇಳಿದರು: "ಅವರಿಗೆ ಹೊಸದನ್ನ ಕೊಟ್ಟು, ಹೀಗಾಯ್ತು, ತಪ್ಪಾಯ್ತು ಅಂತೀರಿ ತಾನೆ?"

"ನೋಡೋಣ."

ನೋಡೋಣ ಎನ್ನುವುದು ನಮ್ಮ ವಂಶದ ಗಂಡಸರು ಸುಳ್ಳು ಹೇಳುವ ಮುಂಚೆ ಆಡುವ ಮಾತು. ಅತ್ತೆಗೆ ಅದು ಗೊತ್ತಿರಲಿಲ್ಲ. ಕಲಮಜೂ ಎಂಬ ಊರು ದಾಟುವಾಗ ಮೋಡ ಹರಿದು ಕಾರಿನೊಳಗೆಲ್ಲ ಜಳಜಳ ಬಿಸಿಲು ಸುರಿಯಿತು. ಅತ್ತೆ ಕಿಟಕಿಯ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಇಂಡಿಯಾನಾದವರೆಗೆ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ವೆಸ್ಟ್‌ಮಂಟಿನಲ್ಲಿದ್ದವರು ಒಬ್ಬ ನಿವೃತ್ತ ಮನುಷ್ಯ. ನೆಲಮಾಳಿಗೆಯ ತುಂಬ ಬೂಟಿನ ಡಬ್ಬಿಗಳು, ಡಬ್ಬಿಗಳ ತುಂಬ ಊರುಗಳು. "ಬಾತಿನವಳಾ? ಮೂರು ಇದೆ, ಬೇಕಾದ್ದು ಆರಿಸಿಕೊಳ್ಳಿ" ಎಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹಿಲ್ಡಾರ ಒಬ್ಬಳೇ ಒಬ್ಬಳು ಅಜ್ಜಿ ಪ್ಲಾಸ್ಟಿಕ್ಕಿನೊಳಗೆ ಮೂರಾಗಿ ಮಲಗಿದ್ದಳು. "ಇವು ಹೆಚ್ಚಿನವು ಖರ್ಚೇ ಆಗಲಿಲ್ಲ" ಎಂದರು ಆತ. "ಚೆಂದ ಇವೆ ಅಂತ ಜನ ಕೂಡಿಟ್ಟರು. ಜನ ಕೂಡಿಡ್ತಾರೆ ಅಂತ ಊರಿನವರು ಇನ್ನೂ ಚೆಂದ ಮಾಡಿದರು." ಬೆಲೆ ಒಂದು ಮಸಾಲೆದೋಸೆಯಷ್ಟು. ಅತ್ತೆ ಮೂರೂ ಮುಖಗಳನ್ನು ಬಗ್ಗಿ ನೋಡಿ, ಯಾರೂ ಹೇಳದೆ ಚಪ್ಪಲಿ ಬಿಟ್ಟು ನಿಂತಿದ್ದರು.

ಭಾನುವಾರ ಬೆಳಿಗ್ಗೆ ನಾನು ಮಾಡಿದ ಕೆಲಸವನ್ನು ಹೇಳುವುದು ಕಷ್ಟ. ಕೊಂಡು ತಂದ ನೋಟು ತೀರ ಹೊಸದಾಗಿತ್ತು. ಹಿಲ್ಡಾರದ್ದಕ್ಕೆ ಮಡಿಕೆಯ ಗೆರೆಗಳಿದ್ದವು, ಅಂಚಿನಲ್ಲಿ ಕಂದು ಇತ್ತು. ಗುರುವಾರ ರಾತ್ರಿಯೇ ಸ್ಕ್ಯಾನ್ ಮಾಡಿದ್ದನ್ನು ಎದುರಿಗಿಟ್ಟುಕೊಂಡು ಅಳತೆ ನೋಡಿ ನಾಲ್ಕಾಗಿ ಮಡಿಸಿದೆ. ಉಗುರಿನಿಂದ ತೀಡಿದೆ. ಕಾಫಿ ಫಿಲ್ಟರಿನಿಂದ ತೆಳು ಡಿಕಾಕ್ಷನ್ ಬಸಿದು ಹತ್ತಿಯಿಂದ ಅಂಚಿಗೆ ಒತ್ತಿದೆ. ಕಲೆ ತೆಗೆಯುವುದಕ್ಕಿಂತ ಕಲೆ ಮಾಡುವುದರಲ್ಲಿ ನಾನು ಜಾಣ ಎಂದು ಅವತ್ತು ಗೊತ್ತಾಯಿತು.

"ಕಾಫಿ ಬೇಕಿತ್ತಾ?" ಎನ್ನುತ್ತಾ ಬಂದ ಅತ್ತೆ ಅಲ್ಲೇ ನಿಂತರು. "ಹೊಸದನ್ನ ಹಳೇದು ಮಾಡ್ತಿದೀರಾ?"

"ಅತ್ತೆ, ಅವರಿಗೆ ಎಂಬತ್ನಾಲ್ಕು ವರ್ಷ. ಗೊತ್ತಾದ್ರೆ ಎದೆ ಒಡ್ಕೋತಾರೆ. ಗೊತ್ತಾಗದೇ ಇದ್ರೆ ಯಾರಿಗೇನು ನಷ್ಟ?"

"ನಾನು ಹಚ್ಚಿದ್ದು ಗೊತ್ತಿಲ್ದೆ" ಎಂದರು ಅತ್ತೆ. "ನೀವು ಹಚ್ತಿರೋದು ಗೊತ್ತಿದ್ದು."

ಅಳಿಯನಿಗೆ ಅವರು ಇಷ್ಟು ಖಾರವಾಗಿ ಹೇಳಿದ್ದು ಅದೇ ಮೊದಲು. ನಾನು ನೋಟನ್ನು ಒಣಗಿಸಿ ಏಳನೆಯ ಪುಟಕ್ಕೆ ಸೇರಿಸಿದೆ. ಹಾಳಾದ ಹಳೆಯದನ್ನು ಎಸೆಯಲು ಧೈರ್ಯವಿಲ್ಲ, ಮನೆಯಲ್ಲಿಡಲು ಅಷ್ಟೂ ಇಲ್ಲ. ಲಕೋಟೆಯಲ್ಲಿಟ್ಟು ಅಂಗಿಯ ಜೇಬಿಗೆ ಸೇರಿಸಿದೆ. ಹತ್ತು ಗಂಟೆಗೆ ಆಲ್ಬಮ್ ಹಿಡಿದು ಹೊರಟರೆ ಅತ್ತೆ ಕೊಬ್ಬರಿ ಮಿಠಾಯಿಯ ಡಬ್ಬಿ ಹಿಡಿದು ಹಿಂದೆಯೇ ಬಂದರು. ನೀವ್ಯಾಕೆ ಎಂದೆ. ಸುಮ್ನೆ ಎಂದರು.

ಹಿಲ್ಡಾ ಅಡುಗೆಮನೆಯ ಮೇಜಿನ ಮೇಲೆ ಸೇಬಿನ ಕೇಕ್ ಕತ್ತರಿಸಿಟ್ಟಿದ್ದರು. ಆಲ್ಬಮ್ ತೆರೆದು ಪುಟ ಮಗುಚತೊಡಗಿದರು. ಒಂದು. ಎರಡು. ಮೂರನೆಯ ಪುಟದಲ್ಲಿ ಕತ್ತೆಯ ಕತೆ ಹೇಳಿ ನಕ್ಕರು. ನಾನೂ ನಕ್ಕೆ, ಬೇಕಾದ್ದಕ್ಕಿಂತ ಜೋರಾಗಿ. ನಾಲ್ಕು. ಐದು. ಆರು. ಕನ್ನಡಕ ಸರಿಮಾಡಿಕೊಂಡು ಏಳನೆಯ ಪುಟ ತೆರೆದರು. ಬಹಳ ಹೊತ್ತು ನೋಡಿದರು. ಮಡಿಕೆಯ ಗೆರೆಯ ಮೇಲೆ ಬೆರಳಾಡಿಸಿದರು. ಗೊತ್ತಾಯಿತು, ಮುಗಿಯಿತು ಎಂದುಕೊಂಡೆ.

"ಹಲೋ, ಓಮಾ" ಎಂದರು ಹಿಲ್ಡಾ. ಅಜ್ಜಿಗೆ ಅವರ ಭಾಷೆಯಲ್ಲಿ ಹಾಗನ್ನುತ್ತಾರೆ. ಬೆರಳ ತುದಿಯನ್ನು ತುಟಿಗೆ ಮುಟ್ಟಿಸಿ ಆ ಮುಖಕ್ಕೆ ಮುಟ್ಟಿಸಿದರು. ಆಮೇಲೆ ಎಂಟನೆಯ ಪುಟ ತೆರೆದು ದೆವ್ವದ ಸೇತುವೆಯ ಕತೆ ಶುರುಮಾಡಿದರು.

ಗೊತ್ತಾಗಲಿಲ್ಲ! ನನ್ನ ಕೆಲಸ ಅಷ್ಟು ಚೆನ್ನಾಗಿತ್ತು. ತಲೆಯಾಡಿಸುತ್ತಾ ಕೇಕ್ ತಿಂದೆ. ಇನ್ನೊಂದು ತುಂಡು ಹಾಕಿದರು, ಅದನ್ನೂ ತಿಂದೆ. ಅತ್ತೆ ತಿನ್ನಲಿಲ್ಲ.

"ಏನಂದ್ರು ಅವರು, ಆ ತಾಯಿಗೆ?" ಎಂದು ಮೆಲುದನಿಯಲ್ಲಿ ಕೇಳಿದರು.

"ಹಲೋ ಅಜ್ಜಿ ಅಂದ್ರು."

ಅತ್ತೆಯ ಕಣ್ಣಲ್ಲಿ ನೀರು ಬಂತು. "ಅಜ್ಜಿ ನಿಮ್ಮ ಜೇಬಲ್ಲಿದಾರೆ ಅಳಿಯಂದ್ರೆ. ನೀವು ಹೇಳ್ತೀರೋ, ನಾನು ಕೈಸನ್ನೆ ಮಾಡಿ ಹೇಳ್ಲೋ?"

ಹೇಳಿದೆ. ಆದರೆ ಬಾಯಿ ತೆರೆದಾಗ ಮೊದಲು ಹೊರಬಿದ್ದದ್ದು, "ನಮ್ಮ ಅತ್ತೆಗೆ ಗೊತ್ತಿರಲಿಲ್ಲ" ಎನ್ನುವ ಮಾತು. ಪಕ್ಕದಲ್ಲಿ ಕುಳಿತ, ಇಂಗ್ಲಿಷ್ ಬಾರದ ಆ ಹೆಂಗಸಿನ ತಲೆಗೆ ಕಟ್ಟಲು ನಾಲಗೆ ಎಷ್ಟು ಬೇಗ ಹೊರಳಿತು ನೋಡಿ. ಛೀ ಎನ್ನಿಸಿತು. ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿದೆ. ಲಕೋಟೆ ತೆಗೆದು ಕೊಟ್ಟೆ.

ಹಿಲ್ಡಾ ಆ ಕಾಗದವನ್ನು ಅಂಗೈ ಮೇಲೆ ಇಟ್ಟುಕೊಂಡರು. "ಈ ಪಾದದ ಹತ್ತಿರದ್ದು?"

"ಅತ್ತೆ ಹಚ್ಚಿದ್ದು. ಪೂಜೆಗೆ. ದೇವರು ಅಂದುಕೊಂಡಿದ್ದರು."

ಹಿಲ್ಡಾ ಅತ್ತೆಯ ಕಡೆ ನೋಡಿದರು. ಅತ್ತೆ ಎರಡೂ ಕೈ ಮುಗಿದರು. ಹಿಲ್ಡಾ ತಲೆಯಾಡಿಸಿದರು.

"ಮುಖ?"

"ನಾನು."

"ಪುಸ್ತಕದಲ್ಲಿರುವುದು?"

"ಕೊಂಡು ತಂದದ್ದು. ಮಡಿಕೆ ನಾನು ಮಾಡಿದ್ದು. ಕಂದು ಬಣ್ಣ ಕಾಫಿಯದು."

ಹಿಲ್ಡಾ ಅಳಲಿಲ್ಲ, ಕೂಗಲೂ ಇಲ್ಲ. "ಕಾಗದ ಹಾಳಾಗುತ್ತದೆ, ಮೂರ್ತಿ. ಅದು ನನಗೆ ಗೊತ್ತು" ಎಂದರು. "ಆದರೆ ನಾನು ಅವಳನ್ನು ಮಾತಾಡಿಸಿದೆ. ನೀನು ನನ್ನ ಎದುರಿಗೆ ಕುಳಿತು ಕೇಕ್ ತಿಂದೆ."

ಅವರು ಏಳನೆಯ ಪುಟದಿಂದ ನನ್ನ ನೋಟನ್ನು ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟರು. ಮುಖವಿಲ್ಲದ ಅಜ್ಜಿಯನ್ನು ಅವಳ ಜಾಗಕ್ಕೆ ಸೇರಿಸಿದರು. ಎದ್ದು ಬಾಗಿಲು ತೆಗೆದು ಹಿಡಿದರು. ಅತ್ತೆಯ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು, ನನ್ನ ಕಡೆ ತಿರುಗಲಿಲ್ಲ.

ಹೊರಗೆ ಬಂದ ಮೇಲೆ ಅತ್ತೆ ಏನಂದ್ರು ಎಂದು ಕೇಳಿದರು. ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ, ಕೇಕಿನದೂ ಸೇರಿಸಿ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕಿಂತ ಕನ್ನಡದಲ್ಲಿ ಹೇಳುವಾಗ ಹೆಚ್ಚು ನೋವಾಯಿತು.

"ಕ್ಷಮಿಸಿದೀನಿ ಅಂದ್ರಾ?"

"ಇಲ್ಲ."

"ಬೈದ್ರಲ್ಲ, ಅಷ್ಟು ಸಾಕು. ಬೈದು ಹೇಳೋರು ಬದುಕೋಕೆ ಹೇಳ್ತಾರೆ" ಎಂದು ಅತ್ತೆ ಸೆರಗು ಹೊದ್ದುಕೊಂಡು ನಡೆದರು.

ಇದಾಗಿ ಮೂರು ವಾರವಾಯಿತು. ಅತ್ತೆ ಮತ್ತು ಹಿಲ್ಡಾ ಬೇಲಿಯ ಹತ್ತಿರ ಮೊದಲಿನ ಹಾಗೆಯೇ ಮಾತಾಡುತ್ತಾರೆ. ನಾನು ಕಾರಿನಿಂದ ಇಳಿದರೆ ಹಿಲ್ಡಾ ಸುಮ್ಮನೆ ಒಳಗೆ ಹೋಗುತ್ತಾರೆ. ಇನ್ನೊಂದು ಸಲ ಬೈಯಲಿ ಎಂದು ಕಾಯುತ್ತಿದ್ದೇನೆ.